ಮರಳಿನ ಚೀಲ ಹೊರಿಸಿದ ದೊಡ್ಡಕ್ಕ

ಮಕ್ಕಳ ಮೂಳೆ ಶಸ್ತ್ರಚಿಕಿತ್ಸೆಯ ಚರಿತ್ರೆ ಬರೆಯುವವರು ಕತ್ತರಿ ಹಿಡಿದ ಕೈಗಳನ್ನು ಹೊಗಳುತ್ತಾರೆ, ಹೊಗಳಲಿ, ತಪ್ಪೇನಿಲ್ಲ. ಆದರೆ ಆ ಕೈಗಳು ತೊಳೆದುಕೊಂಡು ಮನೆಗೆ ಹೋದ ಮೇಲೆ ಮಗುವಿನ ಮಗ್ಗುಲು ಬದಲಿಸಿದವರು ಯಾರು, ಬಾಗಿಲ ಹೊರಗೆ ನಿಂತ ಹೆತ್ತವರ ಉಸಿರು ನಿಲ್ಲದಂತೆ ನೋಡಿಕೊಂಡವರು ಯಾರು ಎಂದು ಕೇಳುವ ಪುಟ ಆ ಚರಿತ್ರೆಗೆ ಇನ್ನೂ ಸೇರಿಲ್ಲ. ಮೂವತ್ತನಾಲ್ಕು ವರ್ಷ ಒಂದೇ ವಾರ್ಡಿನಲ್ಲಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಮುಖ್ಯ ದಾದಿ, ತಾಯಂದಿರ ಬಾಯಲ್ಲೂ ಕೊನೆಗೆ ಅಧೀಕ್ಷಕರ ಬಾಯಲ್ಲೂ ‘ದೊಡ್ಡಕ್ಕ’ ಆಗಿಹೋದ ಈ ಹಿರಿಯರಿಗೆ ಸಲ್ಲಬೇಕಾದ ಮೊದಲ ಗೌರವ ಆ ಪುಟವೇ.

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರು ಮಕ್ಕಳ ವಾರ್ಡಿನ ಗೋಡೆಯಲ್ಲಿದ್ದ ‘ನಿಶ್ಶಬ್ದ’ ಎಂಬ ಫಲಕವನ್ನು ಕಳಚಿ, ವೈದ್ಯರು ಹರಟುವ ಕೋಣೆಯಲ್ಲಿ ತೂಗುಹಾಕಿದರಂತೆ. ಐದನೆಯ ವರ್ಷ, ಮನೆಗೆ ಹೋದ ಮಗುವೊಂದು ಮೂರೇ ದಿನಕ್ಕೆ ಬಿರುಕು ಬಿಟ್ಟ ಪ್ಲಾಸ್ಟರಿನೊಂದಿಗೆ ಮರಳಿ ಬಂದಾಗ ಎಲ್ಲರೂ ಆ ತಾಯಿಯನ್ನು ಬೈದರು. ದೊಡ್ಡಕ್ಕ ಮಾತ್ರ ಬೈಯದೆ, ಎತ್ತುವುದನ್ನು ಆಕೆಗೆ ಕಲಿಸಿದವರು ಯಾರು ಎಂದು ಕೇಳಿದರು. ಕಲಿಸಿದವರು ಯಾರೂ ಇರಲಿಲ್ಲ. ಅಂದಿನಿಂದ ಮಗುವಿನ ತೂಕಕ್ಕೆ ಪ್ಲಾಸ್ಟರಿನ ತೂಕ ಕೂಡಿಸಿ ಒಂದು ಚೀಲಕ್ಕೆ ಮರಳು ತುಂಬಿಸಿ, ಶಸ್ತ್ರಚಿಕಿತ್ಸೆಗೆ ಒಂದು ವಾರ ಮೊದಲೇ ಹೆತ್ತವರ ಕೈಗಿತ್ತು, ಮನೆಯಲ್ಲಿ ಎತ್ತಿ, ಇಳಿಸಿ, ಹೊರಳಿಸಿ ಅಭ್ಯಾಸ ಮಾಡಿಸುವುದು ಆ ವಾರ್ಡಿನ ಪದ್ಧತಿಯಾಯಿತು.

ಹನ್ನೆರಡು ವರ್ಷಗಳ ಹಿಂದೆ ಆ ಚೀಲ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬನ ಪಾಲಿಗೆ ಬಂತು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ನಾಲ್ಕು ವರ್ಷದ ಪುಟ್ಟಿಯೇ ಅವನ ಸಂಸಾರ. ಹುಟ್ಟುವಾಗಲೇ ಸೊಂಟದ ಕೀಲು ಜಾರಿದ್ದ ಮಗು ಬಾತುಕೋಳಿಯಂತೆ ವಾಲಿ ವಾಲಿ ನಡೆಯುತ್ತಿತ್ತು. ಊರವರ ಲಿಫ್ಟುಗಳನ್ನೆಲ್ಲ ಓಡಿಸುವ ಈ ಪುಣ್ಯಾತ್ಮ ವಾಸವಿದ್ದುದು ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಚೀಲ ಕೊಟ್ಟೊಡನೆ ಅವನು ಅದನ್ನು ಅಭ್ಯಾಸಬಲದಿಂದ ಹೆಗಲಿಗೆ ಎಸೆದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿಯೇಬಿಟ್ಟ. ದೊಡ್ಡಕ್ಕ ಕೆಳಗಿನಿಂದ ನೋಡುತ್ತಿದ್ದರು.

“ಅದು ಮೋಟಾರಲ್ಲಪ್ಪ, ನಿನ್ನ ಮಗಳು. ಎರಡೂ ಕೈ ಅಡಿಗೆ ಕೊಟ್ಟು, ಎದೆಗೆ ಒರಗಿಸ್ಕೊ.”

ಅವನು ನಾಚಿ, ಚೀಲವನ್ನು ಎದೆಗೊರಗಿಸಿಕೊಂಡು ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಿದ.

ನಿಜವಾದ ಭಾರ ಮರುದಿನ ಎದುರಾಯಿತು. ಆ ವಾರ್ಡಿನಲ್ಲಿ ಮಗುವಿನ ಬಳಿ ಉಳಿಯಲು ಹೆಂಗಸರಿಗೆ ಮಾತ್ರ ಅಪ್ಪಣೆ. ಗಂಡಸರಿಗೆ ಸಂಜೆ ಒಂದು ಗಂಟೆಯ ಭೇಟಿ. ತಾಯಿಯೋ ಅತ್ತೆಯೋ ಚಿಕ್ಕಮ್ಮನೋ ಬರಲಿ ಎಂದು ಗುಮಾಸ್ತ ಹೇಳಿದ. ಬರುವವರು ಯಾರೂ ಇರಲಿಲ್ಲ. ಪ್ರತಿ ಮನೆಯಲ್ಲೂ ಬಿಡುವಾಗಿರುವ ಹೆಂಗಸೊಬ್ಬಳು ಇದ್ದೇ ಇರುತ್ತಾಳೆ ಎಂದು ನಂಬಿ, ಅವಳ ದುಡಿಮೆಯನ್ನು ಕೇಳದೆಯೇ ಕಸಿದುಕೊಂಡು, ತಂದೆಯನ್ನು ಬರಿಯ ಅತಿಥಿಯಾಗಿಸುವ ಇಂಥ ನಿಯಮಗಳನ್ನು ಬರೆಯುವವರು ಒಂದು ದಿನವಾದರೂ ಮಗುವೊಂದನ್ನು ಒಂಟಿಯಾಗಿ ಸಾಕಿ ನೋಡಬೇಕು. ಕಣ್ಣು ಬಿಟ್ಟಾಗ ಪುಟ್ಟಿ ತನ್ನನ್ನು ಹುಡುಕುತ್ತಾಳೆ, ತಾನಲ್ಲಿರುವುದಿಲ್ಲ. ಇಷ್ಟೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ದಾಖಲಾತಿಯ ಚೀಟಿಯನ್ನು ಮಡಚಿ ಜೇಬಿಗಿಟ್ಟು, ಶಸ್ತ್ರಚಿಕಿತ್ಸೆಯೇ ಬೇಡವೆಂದು ಮೆಟ್ಟಿಲಿಳಿಯುತ್ತಿದ್ದವನನ್ನು ದೊಡ್ಡಕ್ಕ ತಡೆದರು.

“ಆ ಚೀಟಿ ಇಲ್ಲಿ ಕೊಡು. ಇನ್ನೂ ಆರು ದಿನ ಇದೆ. ನೀನು ಚೀಲ ಹೊರು, ನಿಯಮ ನಾನು ಹೊರ್ತೀನಿ.”

ಅವರು ನೇರ ಅಧೀಕ್ಷಕರ ಬಳಿಗೆ ಹೋಗಲಿಲ್ಲ. ಮೊದಲು ಹೋದದ್ದು ಹಾಸಿಗೆಯಿಂದ ಹಾಸಿಗೆಗೆ, ತಾಯಂದಿರ ಬಳಿಗೆ. ಅವರಲ್ಲೊಬ್ಬಳು ಮುಚ್ಚುಮರೆಯಿಲ್ಲದೆ ಕೇಳಿದಳು: “ಗಂಡಸು ಕೂತಿದ್ರೆ ಹಾಲು ಕುಡಿಸೋದು ಹೇಗಕ್ಕ?” ದೊಡ್ಡಕ್ಕ ಆ ಮಾತನ್ನು ತಳ್ಳಿಹಾಕಲಿಲ್ಲ. ಹಳೆಯ ಹಾಸುಬಟ್ಟೆಗಳನ್ನು ತರಿಸಿದರು. ತಾಯಂದಿರೇ ಕೂತು ಪರದೆ ಹೊಲಿದರು. ಮೆಕ್ಯಾನಿಕ್ ಪ್ರತಿ ಹಾಸಿಗೆಗೂ ಕಂಬಿ ಕಟ್ಟಿಕೊಟ್ಟ. ಎಲ್ಲ ತಾಯಂದಿರ ಸಹಿಯಿದ್ದ ಕಾಗದ ಹಿಡಿದು ದೊಡ್ಡಕ್ಕ ಅಧೀಕ್ಷಕರ ಎದುರು ನಿಂತಾಗ, ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ ಎಂದು ಅವರು ಕೇಳಿದರು.

“ಆಗ್ಲೇ ಆಗ್ತಾ ಇದೆಯಲ್ಲ ಸರ್. ತಾಯಿಯಿಲ್ಲದ ಮಗು ಎಚ್ಚರ ಆದಾಗ ಅಪ್ಪ ಬಾಗಿಲ ಹೊರಗಿರ್ತಾನೆ. ಅದಕ್ಕೆ ಯಾರು ಜವಾಬ್ದಾರಿ ಅಂತ ಬರ್ಕೊಡಿ, ಹೋಗ್ತೀನಿ.”

ಅಧೀಕ್ಷಕರು ಬರೆದುಕೊಟ್ಟದ್ದು ಅನುಮತಿಯನ್ನು.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಪುಟ್ಟಿಯನ್ನು ಒಳಗೆ ಕರೆದೊಯ್ದ ಮೇಲೆ ತಂದೆಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ದೈವ ದೇವರ ಸಮಾಧಾನ ಹೇಳುವ ಬದಲು ದೊಡ್ಡಕ್ಕ, ನೀನು ಕಟ್ಟಿದ ಪರದೆಗಳು ಕಿರುಗುಟ್ಟುತ್ತಿವೆ, ಮಕ್ಕಳಿಗೆ ನಿದ್ದೆಯಿಲ್ಲ ಎಂದು ಗದರಿದರು. ಅವನು ತನ್ನ ಕೆಲಸದ ಚೀಲದಿಂದ ಗ್ರೀಸ್ ಡಬ್ಬಿ ತೆಗೆದು, ಮೂರು ಗಂಟೆ ಕಾಲ ಪರದೆಯ ಒಂದೊಂದೇ ಬಳೆಗೆ ಸವರುತ್ತ ಹೋದ. ಪರದೆಗಳು ಅಷ್ಟೇನೂ ಸದ್ದು ಮಾಡುತ್ತಿರಲಿಲ್ಲವೆಂದು ಆಮೇಲೆ ಅವನಿಗೆ ಹೊಳೆಯಿತು. ಕೊನೆಯ ಪರದೆ ಮುಗಿಯುವಷ್ಟರಲ್ಲಿ, ಎಲ್ಲ ಸರಿಹೋಗಿದೆ ಎಂದು ವೈದ್ಯರು ಹೊರಬಂದು ಹೇಳಿದರು. ಕೈಯನ್ನು ಮೂರು ಸಲ ತೊಳೆದುಕೊಂಡು ಅವನು ಹಾಸಿಗೆಯ ಪಕ್ಕ ಕೂತ. ಮಧ್ಯಾಹ್ನ ಪುಟ್ಟಿ ಕಣ್ಣು ಬಿಟ್ಟಳು, ಅಪ್ಪನನ್ನು ದಿಟ್ಟಿಸಿದಳು.

“ಅಪ್ಪಾ, ಕಿವಿ ತೊಳ್ದಿಲ್ಲ ನೀನು.”

ಕಿವಿಯ ಮೇಲೆ ಗ್ರೀಸ್ ಮೆತ್ತಿತ್ತು. ಪರದೆಗಳ ಆಚೆಗಿದ್ದ ತಾಯಂದಿರೆಲ್ಲ ನಕ್ಕರು; ಅವನು ನಗಲು ಹೋಗಿ ಅತ್ತ.

ಎದೆಯ ಕೆಳಗಿನಿಂದ ಕಣಕಾಲಿನವರೆಗೆ ಪ್ಲಾಸ್ಟರ್ ತೊಟ್ಟ ಮಗಳನ್ನು ಅವನು ಎರಡೂ ಕೈ ಅಡಿಗೆ ಕೊಟ್ಟು, ಎದೆಗೆ ಒರಗಿಸಿಕೊಂಡೇ ಮೂರು ಮಹಡಿ ಹತ್ತಿದ. ಆರು ವಾರಗಳ ಚೇತರಿಕೆಯಲ್ಲಿ ದೊಡ್ಡಕ್ಕ ರಜೆಯ ದಿನಗಳಲ್ಲಿ ಹೋಗಿ ಚರ್ಮ ಕೆಂಪಾಗಿದೆಯೇ, ಬೆರಳು ಬೆಚ್ಚಗಿವೆಯೇ ಎಂದು ನೋಡಿ ಬಂದರು; ಅವನು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳಲೆಂದು ಕೆಳಮನೆಯ ಅಜ್ಜಿಗೂ ಮರಳಿನ ಚೀಲದ ಪಾಠವಾಯಿತು. ಅವನು ಹಲಗೆಗೆ ಚಕ್ರ ಜೋಡಿಸಿ ಮಾಡಿಕೊಟ್ಟ ಗಾಡಿಯ ಮೇಲೆ ಬೋರಲು ಮಲಗಿದ ಪುಟ್ಟಿ, ಅಡುಗೆಮನೆಯನ್ನು ನೆಲಮಹಡಿ ಎಂದೂ ನಡುಮನೆಯನ್ನು ಒಂದನೆಯ ಮಹಡಿ ಎಂದೂ ಕೂಗುತ್ತ ದಿನವಿಡೀ ಸವಾರಿ ಮಾಡಿದಳಂತೆ.

ಈಗ ಆ ಹುಡುಗಿಗೆ ಹದಿನಾರು. ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಾಳೆ. ದೊಡ್ಡಕ್ಕನವರ ಈ ಅಭಿನಂದನ ಸಂಪುಟಕ್ಕೆ ಅಂದಿನ ನೆನಪುಗಳನ್ನು ಬರೆದುಕೊಡೆಂದು ಕೇಳಿದಾಗ ಅವಳು ತಲೆ ಕೆರೆದುಕೊಂಡಳು: “ನಂಗೆ ಅಪ್ಪನ ಕಿವಿ ಬಿಟ್ರೆ ಏನೂ ನೆನಪಿಲ್ಲ.” ನಾಲ್ಕು ವರ್ಷದ ಮಗುವಿನ ನೆನಪಿನಲ್ಲಿ ಭಯಕ್ಕೆ ಜಾಗವೇ ಸಿಗದಂತೆ ನೋಡಿಕೊಂಡವರಿಗೆ ಇದಕ್ಕಿಂತ ದೊಡ್ಡ ಬಿನ್ನವತ್ತಳೆ ಯಾವುದಿದೆ?

ನಿವೃತ್ತಿಯ ಬಳಿಕವೂ ಸೋಮವಾರಗಳಂದು ಬಂದು ಚೀಲ ಹೊರಿಸುತ್ತೇನೆ ಎಂದು ದೊಡ್ಡಕ್ಕ ಹೇಳಿದ್ದಾರೆ. ನಿವೃತ್ತರಿಗೆ ವಾರ್ಡಿನೊಳಗೆ ಪ್ರವೇಶವಿಲ್ಲ ಎಂಬ ನಿಯಮವಿದೆಯೆಂದು ಹೊಸ ಅಧೀಕ್ಷಕರು ಸಂಕೋಚದಿಂದ ತಿಳಿಸಿದರು. ಅವರು ಪಾಪ, ಈಗಷ್ಟೇ ಬಂದವರು. ದೊಡ್ಡಕ್ಕನವರ ಕಾಲುಗಳಿಗೆ ಮೆಟ್ಟಿಲು ಹತ್ತುವ ಕಸುವು, ನಾಲಿಗೆಗೆ ಇದೇ ಮೊನಚು, ಬಾಳಿಗೆ ನೂರು ತುಂಬುವ ಆಯುಸ್ಸು ಇರಲಿ. ಆ ನಿಯಮದ ಆಯುಸ್ಸು ಮುಂದಿನ ಸೋಮವಾರದವರೆಗೆ ಮಾತ್ರ.