ಗೆರಸಿಯಲ್ಲಿ ಬಂದ ದೇವರುಗಳು

ಆ ಮಧ್ಯಾಹ್ನ ನಾನು ಜಗುಲಿಯಲ್ಲಿ ಕೂತು ಗೆರಸಿಯಲ್ಲಿ, ಅಂದರೆ ಬಿದಿರಿನ ಮೊರದಲ್ಲಿ, ಅಕ್ಕಿ ಆರಿಸುತ್ತಿದ್ದೆ. ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಗಂಗಾವಳಿ ಉಕ್ಕಿ ಅಗಸೂರಿನ ಹೊಳೆಬದಿಯ ಮನೆಗಳು ಕುಸಿದಿದ್ದವು; ಮನೆ ಹೋದವರನ್ನೆಲ್ಲ ನಮ್ಮ ಹಿತ್ತಲಾಚೆಯ ಶಾಲೆಯಲ್ಲಿ ಇಟ್ಟಿದ್ದರು. ನಮ್ಮ ಗದ್ದೆಗೆ ಕೆಲಸಕ್ಕೆ ಬರುವವಳು ತೊಯ್ದುಕೊಂಡೇ ಬಂದಳು. ಅವಳ ಮಗಳು ಹೆತ್ತು ಆರು ದಿನ. ಒಳಗೆ ಜಾಗವಿಲ್ಲವೆಂದು ತಾಯಿ-ಕೂಸು ಇಬ್ಬರನ್ನೂ ಶಾಲೆಯ ಜಗುಲಿಗೆ ಹಾಕಿದ್ದಾರೆ, ಎರಚಲಿಗೆ ಕೂಸಿನ ಮೈ ತಣ್ಣಗಾಗುತ್ತಿದೆ ಎಂದಳು.

ಅಕ್ಕಿಯನ್ನು ಪಾತ್ರೆಗೆ ಸುರಿದು, ಗೆರಸಿಯನ್ನೇ ತಲೆಗೆ ಹಿಡಿದು ಓಡಿದೆ.

ಎರಡೇ ಕೋಣೆ, ಹದಿನಾಲ್ಕು ಸಂಸಾರ. ಚಾಪೆಗೆ ಚಾಪೆ ತಾಗಿತ್ತು. ಆದರೂ ಎರಡೂ ಕೋಣೆಗಳಲ್ಲಿ ಒಂದು ಗೋಡೆಯುದ್ದಕ್ಕೆ ಒಂದು ಮಾರು ಖಾಲಿ. ಅಲ್ಲಿ ದೇವರ ಪಟಗಳು, ತೀರಿಹೋದ ಹಿರಿಯರೆಂದು ಪೂಜಿಸುವ ತೆಂಗಿನಕಾಯಿಗಳು. ನೀರು ಹೊಕ್ಕಾಗ ಎಲ್ಲರೂ ಮೊದಲು ಎತ್ತಿಕೊಂಡದ್ದು ಅವನ್ನೇ. ಹನ್ನೊಂದು ದಿನ ಕಳೆಯದ ಬಾಣಂತಿ ದೇವರಿದ್ದ ಕೋಣೆಗೆ ಬರುವಂತಿಲ್ಲ.

ನಮ್ಮ ಮನೆಗೆ ಬಾ ಎನ್ನಬೇಕಿತ್ತು. ಅತ್ತೆಯ ಮುಖ ನೆನಪಾಯಿತು, ಬಾಯಿ ಬರಲಿಲ್ಲ. ಅದನ್ನು ಮುಚ್ಚಿಟ್ಟು ಬರೆಯಲಾರೆ. ಕೂಸಿನ ಕಾಲು ಮುಟ್ಟಿದೆ. ತಣ್ಣಗಿತ್ತು. ಅಳುತ್ತಲೂ ಇರಲಿಲ್ಲ.

"ಈ ಕೋಣೆ ದೇವ್ರನ್ನ ನಾ ಮನೆಗೆ ಕರ್ಕಂಡು ಹೋಗ್ತೆ," ಎಂದೆ.

ಒಬ್ಬ ಮುದುಕ ತನ್ನ ಕಾಯಿಯನ್ನು ಎದೆಗೊತ್ತಿಕೊಂಡ. "ನಮ್ಮ ಹಿರೀರು ಬೇರೆಯೋರ ಮನೇಲಿ ಉಣ್ಣೂದಿಲ್ಲ, ಅಮ್ಮ."

ಅವನ ಹೆಂಡತಿ ಮೂಲೆಯಿಂದಲೇ ಅಂದಳು: "ನಿಮ್ಮಪ್ಪ ಬದ್ಕಿದ್ದಾಗ ಕರೀದೇ ಇದ್ದ ಮನೇಲೂ ಉಂಡ್ಕಂಡೇ ಬರ್ತಿದ್ದ. ಕೊಡಿ ಅತ್ಲಾಗೆ."

ಯಾರೋ ನಕ್ಕರು. ಮುದುಕ ನಗಲಿಲ್ಲ; ಆದರೆ ನನ್ನ ಗೆರಸಿಯನ್ನು ತನ್ನ ಪಂಚೆಯ ತುದಿಯಿಂದ ಒರೆಸಿ, ಕಾಯಿಯನ್ನು ಮೊದಲು ಅವನೇ ಇಟ್ಟ. ಆಮೇಲೆ ಉಳಿದವರೂ ತಂದಿಟ್ಟರು. ಖಾಲಿಯಾದ ಗೋಡೆಬದಿಗೆ ಬಾಣಂತಿ ಬಂದು ಒರಗಿದಳು. ಯಾರದೋ ಒಣ ಕಂಬಳಿ ಸಿಕ್ಕಿತು. ಸ್ವಲ್ಪ ಹೊತ್ತಿಗೆ ಕೂಸು ಕಿರುಚಿ ಅತ್ತಿತು. ಅಂಥ ಒಳ್ಳೆಯ ಸದ್ದು ನಾನು ಕೇಳಿಲ್ಲ; ದೇವರು ದೊಡ್ಡವನು.

ಗೆರಸಿಯ ಮೇಲೆ ಕೊಡೆ ಹಿಡಿಸಿಕೊಂಡು ಮನೆಗೆ ಬಂದೆ. ಅತ್ತೆ ನೋಡಿದರು. ನಮ್ಮ ದೇವರನ್ನು ಮಣೆಯ ಮೇಲೆ ಒತ್ತೊತ್ತಾಗಿ ಸರಿಸಿ ಜಾಗ ಮಾಡಿದರು. "ನೈವೇದ್ಯಕ್ಕೆ ಅಷ್ಟು ಅಕ್ಕಿ ಸಾಲೂದಿಲ್ಲ," ಎಂದಷ್ಟೇ ಅಂದರು.

ಇನ್ನೆರಡು ಪಾವು ಅಳೆದು ತಂದು, ಗೆರಸಿ ಒರೆಸಿ, ಮತ್ತೆ ಆರಿಸಲು ಕೂತೆ.