ಗಿಟಾರಿಗೆ ಗೌರಿಬಿದನೂರಿನ ಹವಾ

ನನ್ನ ಬಳಿ ಒಂದು ಎಲೆಕ್ಟ್ರಿಕ್ ಗಿಟಾರ್ ಇದೆ. "ನುಡಿಸ್ತೀರಾ?" ಎಂದು ಯಾರಾದರೂ ಕೇಳಿದರೆ "ಇದೆ" ಎಂದು ಉತ್ತರಿಸುತ್ತೇನೆ. ಕೇಳಿದ್ದಕ್ಕೆ ಇದು ಉತ್ತರವಲ್ಲ ಎಂಬುದು ನನಗೂ ಗೊತ್ತು. ಚಿಂತಾಮಣಿಯ ಕಾಲೇಜೊಂದರಲ್ಲಿ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳುವವನು ನಾನು. ಅವರು ಹೀಗೆ ಬರೆದರೆ ಸೊನ್ನೆ ಸುತ್ತುತ್ತೇನೆ.

ಆದರೆ ಗಿಟಾರ್ ಇಟ್ಟುಕೊಂಡವರ ಲೋಕದಲ್ಲಿ ನುಡಿಸುವುದು ಬಹಳ ಮುಂದಿನ ಮಾತು. ಮೊದಲು ಸೆಟಪ್ ಆಗಬೇಕು. ಗಿಟಾರಿನ ಕತ್ತಿನೊಳಗೆ ಒಂದು ಉಕ್ಕಿನ ಸರಳಿರುತ್ತದೆ. ಅದನ್ನು ಪುಟ್ಟ ಕೀಲಿಯಿಂದ ತಿರುಗಿಸಿದರೆ ಕತ್ತು ಕೂದಲೆಳೆಯಷ್ಟು ಬಾಗುತ್ತದೆ, ಇಲ್ಲವೇ ನೆಟ್ಟಗಾಗುತ್ತದೆ. ಅದರ ಪ್ರಕಾರ ತಂತಿಗಳು ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ ಹತ್ತಿರ ಬರುತ್ತವೆ, ದೂರ ಸರಿಯುತ್ತವೆ. ದೂರವಾದರೆ ಬೆರಳು ನೋಯುತ್ತದೆ. ತೀರಾ ಹತ್ತಿರವಾದರೆ ತಂತಿ ಪಟ್ಟಿಗೆ ತಗುಲಿ 'ಜುರ್ರ್' ಎನ್ನುತ್ತದೆ. ಈ ಜುರ್ರ್ ನಮ್ಮ ಪರಮ ವೈರಿ. ಅದನ್ನು ನಿರ್ಮೂಲ ಮಾಡುವುದರಲ್ಲೇ ನಮ್ಮ ಭಾನುವಾರಗಳು ಕಳೆಯುತ್ತವೆ.

ನಮ್ಮ ಎಂದೆನಲ್ಲ, ಅದು 'ಆರು ತಂತಿ ಬಳಗ'. ಗೌರಿಬಿದನೂರಿನಿಂದ ಪಶುವೈದ್ಯ ಮಂಜುನಾಥ, ಚಿಕ್ಕಬಳ್ಳಾಪುರದಿಂದ ಕನ್ನಡಕದ ಅಂಗಡಿಯ ರಿಯಾಜ್, ಚಿಂತಾಮಣಿಯಿಂದ ನಾನು. ಮೂವರದೂ ಒಂದೇ ಮಾದರಿಯ ಗಿಟಾರ್. ಒಂದೇ ಕಾರ್ಖಾನೆಯಲ್ಲಿ ಒಂದೇ ಯಂತ್ರ ಕತ್ತರಿಸಿ ಕಳಿಸಿದ್ದು, ತಟ್ಟೆಯಿಂದ ಎದ್ದ ಇಡ್ಲಿಗಳ ಹಾಗೆ. ಆದರೂ ತನಗೆ ಬಂದ ಇಡ್ಲಿಯೇ ಬೇರೆ ಎಂದು ಪ್ರತಿಯೊಬ್ಬನೂ ನಂಬಿದ್ದಾನೆ. ಬಣ್ಣಕ್ಕೆ ಕಂಪನಿಯವರು ಯಾವುದೋ ಸಮುದ್ರದ ಹೆಸರಿಟ್ಟಿದ್ದಾರೆ. ಡಬ್ಬ ಬಿಚ್ಚಿದ ದಿನ ನಮ್ಮಮ್ಮ, "ಪಂಚಾಯ್ತಿ ಆಫೀಸ್ ಬಾಗಿಲಿಗೆ ಬಳಿದಿರೋ ಬಣ್ಣ ಕಣೋ ಇದು" ಎಂದಿದ್ದಳು. ಅಂದಿನಿಂದ ನನಗೂ ಸಮುದ್ರ ಕಾಣಿಸಿಲ್ಲ.

ಬಳಗ ಸೇರಿದಾಗ ಯಾರೂ ಯಾರಿಗೂ "ಒಂದು ನುಡಿಸಿ" ಎನ್ನುವುದಿಲ್ಲ. ಅದು ಅಸಭ್ಯತೆ. "ಕೊಡಿ, ನೋಡಣ" ಎನ್ನುತ್ತೇವೆ. ರಿಯಾಜ್ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ದೃಷ್ಟಿ ಹಾಯಿಸುತ್ತಾನೆ. ಎದುರಿಗಿರುವ ಗಿಟಾರಿಗೆ ಇನ್ನೇನು ನಂಬರ್ ಬರೆದುಕೊಡುತ್ತಾನೆ ಅನ್ನಿಸುತ್ತದೆ. ಡಾಕ್ಟರು ಅಂಗೈಯಿಂದ ಬೆನ್ನು ಸವರಿ, ಕಿವಿಯನ್ನು ಒಡಲಿಗಾನಿಸಿ, ಎಲ್ಲಿ ತಟ್ಟಬೇಕೋ ಅಲ್ಲಿ ತಟ್ಟುತ್ತಾರೆ. ನನ್ನ ಪಾಲಿಗೆ ಸೂತ್ರಗಳು. ತಂತಿಯ ಉದ್ದ, ಬಿಗಿತ, ತೂಕ ಎಂದು ಬಿಳಿ ಹಾಳೆಯಲ್ಲಿ ಬರೆದು ತೋರಿಸುತ್ತೇನೆ, ಅವರು ತಲೆದೂಗುತ್ತಾರೆ. ನನ್ನ ಹೆಂಡತಿ ಹುರಿದ ಕಡಲೇಕಾಯಿ ತಂದಿಟ್ಟರೆ ಮೂವರೂ ಗಾಬರಿಯಾಗಿ ಗಿಟಾರನ್ನು ದೂರ ಸರಿಸುತ್ತೇವೆ. ಉಪ್ಪಿನ ಕೈ ತಾಗಿದರೆ ತಂತಿ ತುಕ್ಕು ಹಿಡಿಯುತ್ತದೆ. ಆಮೇಲೆ ಸಂಜೆವರೆಗೂ ಕಡಲೇಕಾಯಿ ತಿನ್ನುತ್ತೇವೆ.

ನಗಬೇಡಿ. ಇದರ ಬೇರು ನನ್ನಲ್ಲಿ ಆಳವಾಗಿದೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ. ಮನೆ ಮುಂದಿನ ಫಲಕದಲ್ಲಿ ನನ್ನ ಹೆಸರಿಗಿಂತ ಎಂ.ಎಸ್ಸಿ. ದಪ್ಪಗಿದೆ. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಅಮ್ಮ ಬೇರೆಯವರ ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ನನ್ನನ್ನು ಓದಿಸಿದಳು. ಓದುಬರಹ ಇದ್ದ ಮನೆಯ ಹುಡುಗರು ಪುಸ್ತಕ ತೆರೆದು ಓದುತ್ತಿದ್ದರು. ನಾನು ಪುಸ್ತಕಕ್ಕೆ ರಟ್ಟು ಹಾಕಿ, ಲೇಬಲ್ ಅಂಟಿಸಿ, ಕೈಕಾಲು ತೊಳೆದು ಬಂದು ಆಮೇಲೆ ಓದುತ್ತಿದ್ದೆ. ಸಿದ್ಧತೆಯಿಲ್ಲದೆ ಒಳಗೆ ಕಾಲಿಟ್ಟರೆ ಯಾರೋ ಎಬ್ಬಿಸಿ ಕಳಿಸುತ್ತಾರೆಂಬ ಭಯ. ಆ ಭಯವೇ ನನಗೆ ರ‍್ಯಾಂಕ್ ತಂದುಕೊಟ್ಟಿತು. ಅದೇ ಭಯ ಗಿಟಾರಿನ ಹತ್ತಿರ ಬಂದು ಕೂತು, ಒಂದು ಹಾಡನ್ನೂ ಪೂರ್ತಿ ಕಲಿಯಲು ಬಿಡಲಿಲ್ಲ.

ಹೀಗಿರುವಾಗ ಗೌರಿಬಿದನೂರಿಗೆ ಕೊಟ್ಟಿರುವ ನನ್ನ ತಂಗಿಗೆ ಹೆಣ್ಣು ಮಗುವಾಯಿತು. ನಾಮಕರಣ ಅಲ್ಲೇ, ಬೀಗರ ಮನೆಯಲ್ಲಿ ಎಂದಾಯಿತು. ನಮ್ಮ ಮನೆಯಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕುವಾಗಲೂ ಜೋಗುಳ ಹಾಡುವವಳು ಅಮ್ಮನೇ. ನಾಲ್ಕು ಸಾಲಿನ ಪದ; ಮೂರನೆಯ ಸಾಲಿನಲ್ಲಿ ಒಂದು ಉದ್ದನೆಯ ಎಳೆತ. ಈಚೆಗೆ ಅವಳಿಗೆ ದಮ್ಮು. ಆ ಎಳೆತಕ್ಕೆ ಬಂದಾಗ ಉಸಿರು ಸಾಲುವುದಿಲ್ಲ. ಬೀಗರ ಮುಂದೆ ಹಾಡು ಅರ್ಧಕ್ಕೆ ನಿಂತರೆ ಎಂಬ ಚಿಂತೆ ಹಿಡಿದಿತ್ತು.

"ಮೊಬೈಲಲ್ಲಿ ಹಾಕ್ತೀವಿ ಬಿಡಮ್ಮ ಅಂದ್ಲು ನಿನ್ ತಂಗಿ," ಎಂದಳು ಒಂದು ಸಂಜೆ. "ಮೊಬೈಲ್ ಹೆತ್ತಿತ್ತೇನೋ ಮಗೂನ? ನೋಡಪ್ಪ, ನಿನ್ನತ್ರ ಅಷ್ಟು ದೊಡ್ಡ ವಾದ್ಯ ಐತೆ. ಮೂರನೇ ಸಾಲಲ್ಲಿ ನಾನು ಉಸಿರು ತಗೊಳ್ಳೋವರೆಗೂ ನೀನು ರಾಗ ಹಿಡ್ಕೋ. ಆಮೇಲೆ ನಾನ್ ಬಂದ್ಬಿಡ್ತೀನಿ."

ಅಮ್ಮ ನನ್ನಲ್ಲಿ ಏನನ್ನೂ ಕೇಳಿದವಳಲ್ಲ. ಒಪ್ಪಿಕೊಂಡೆ. ಅಂದು ಸಂಜೆಯೇ ಅವಳ ರಾಗವನ್ನು ಒಂದೇ ತಂತಿಯ ಮೇಲೆ ತಡಕಾಡಿ ಹಿಡಿದೂ ಬಿಟ್ಟೆ. ದಿನಾ ಅಭ್ಯಾಸ ಮಾಡಿದ್ದರೆ ಮುಗಿದುಹೋಗುತ್ತಿತ್ತು. ನಾನು ಬಳಗಕ್ಕೆ ತಿಳಿಸಿದೆ.

ಬಳಗದಲ್ಲಿ ಹಬ್ಬ. ನಮ್ಮಲ್ಲೊಬ್ಬನ ಗಿಟಾರು ಜನರ ಮುಂದೆ ಹೋಗುತ್ತಿರುವುದು ಇದೇ ಮೊದಲು. "ಫಂಕ್ಷನ್ ಅಂದ್ಮೇಲೆ ತಂತಿ ಇನ್ನೂ ಇಳೀಬೇಕು ಸಾರ್, ಬೆಣ್ಣೆ ಥರ ಇರ್ಬೇಕು," ಎಂದ ರಿಯಾಜ್. ಮೂವರೂ ಸೇರಿ ಇಳಿಸಿದೆವು. ಜುರ್ರ್ ಎನ್ನುವುದಕ್ಕೆ ಕೂದಲೆಳೆಯಷ್ಟು ಮೇಲೆ ನಿಲ್ಲಿಸಿದೆವು. ಆಗ ಡಾಕ್ಟರು ಗಂಭೀರವಾಗಿ, "ಒಂದು ವಿಚಾರ ಮರೆತ್ರಲ್ಲ ಮೇಷ್ಟ್ರೇ. ಇದು ಚಿಂತಾಮಣಿ ಸೆಟಪ್ಪು. ನಮ್ಮೂರ ಹವಾನೇ ಬೇರೆ. ಮರ ಅಂದ್ರೆ ಜೀವ ಇದ್ದಂಗೆ. ಹೊಸ ಹಸೂನ ತಂದ್ರೂ ನೀರು ಒಗ್ಗೋಕೆ ದಿನ ಹಿಡಿಯುತ್ತೆ," ಎಂದರು.

ವಿಜ್ಞಾನ ಓದಿದ ನನಗೆ ಇದು ಅತ್ಯಂತ ವೈಜ್ಞಾನಿಕವಾಗಿ ಕಂಡಿತು. ನಾಮಕರಣಕ್ಕೆ ಬಹಳ ಮುಂಚೆಯೇ ಗಿಟಾರ್ ಡಾಕ್ಟರ ಕಾರಿನಲ್ಲಿ ಗೌರಿಬಿದನೂರಿಗೆ ಹೊರಟಿತು. ಅಲ್ಲಿಂದ ದಿನವೂ ಅದರ ಆರೋಗ್ಯದ ಸಮಾಚಾರ ಬರುತ್ತಿತ್ತು. ಒಂದು ದಿನ ಅದನ್ನು ವಿದುರಾಶ್ವತ್ಥದ ಕಡೆ ಸುತ್ತಾಡಿಸಿಕೊಂಡು ಬಂದದ್ದಾಗಿಯೂ ತಿಳಿಯಿತು. ಇತ್ತ ನಾನು ಚಿಂತಾಮಣಿಯಲ್ಲಿ ಮರದ ಸ್ಕೇಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಅದನ್ನೇ ತಂತಿಯೆಂದುಕೊಂಡು ಬೆರಳು ಓಡಿಸುತ್ತಿದ್ದೆ. ಅಮ್ಮ ನೋಡಿದಳು. ಸಿಟ್ಟು ಬಂದರೆ ಅವಳಿಗೆ ತೆಲುಗು ಬರುತ್ತದೆ.

"ಏಮ್ರಾ ಇದಿ? ವಾದ್ಯ ಎಲ್ಲೋ?"

"ಗೌರಿಬಿದನೂರಲ್ಲಿದೆ ಅಮ್ಮ. ಹವಾ ಒಗ್ಗಲಿ ಅಂತ."

"ಹಾಡು ಕಲೀಬೇಕಾಗಿರೋನು ಇಲ್ಲಿ, ವಾದ್ಯ ಹೋಗಿ ನೆಂಟರ ಮನೇಲಿ ಕೂತೈತಾ?" ಎಂದಳು. ಆಮೇಲೆ ಮೆತ್ತಗೆ, "ಆಗದಿದ್ರೆ ಹೇಳ್ಬಿಡಪ್ಪ. ಮೊಬೈಲೇ ಹಾಕಣ," ಎಂದಳು. ಬೈಗುಳ ನನಗೆ ನಾಟಿರಲಿಲ್ಲ. ಇದು ನಾಟಿತು.

ನಾಮಕರಣದ ದಿನ ಡಾಕ್ಟರು ಗಿಟಾರನ್ನೂ, ರಿಯಾಜ್ ಸೌಂಡ್ ಪೆಟ್ಟಿಗೆಯನ್ನೂ ಹೊತ್ತು ತಂದರು. ಇಬ್ಬರೂ ಅದರ ಕತ್ತನ್ನು ಕಡೆಯ ಸಲ ಪರೀಕ್ಷಿಸಿ, ಇಂಥ ಸೆಟಪ್ ಈ ಜಿಲ್ಲೆಯಲ್ಲೇ ಇಲ್ಲವೆಂದು ತೀರ್ಮಾನಿಸಿದರು. ರಿಯಾಜ್ ವೈರು ಚುಚ್ಚಲು ಹೋದಾಗ ತೊಟ್ಟಿಲ ಪಕ್ಕದಿಂದ ಅಮ್ಮ ಕೈಯೆತ್ತಿದಳು. "ಬೇಡಪ್ಪ, ಮಗು ಈಗ ಕಣ್ಮುಚ್ಚೈತೆ. ಹಂಗೇ ಬಾರಿಸ್ಲಿ."

ವೈರಿಲ್ಲದ ಎಲೆಕ್ಟ್ರಿಕ್ ಗಿಟಾರಿನ ಸದ್ದು ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತದೆ. ಅಮ್ಮ ಶುರುಮಾಡಿದಳು. ಅವಳ ದನಿ ಇಳಿದುಹೋಗಿತ್ತು. ನನ್ನ ತಂತಿಗಿಂತ ಎಷ್ಟೋ ಕೆಳಗೆ. ತಂತಿಯ ಒಂದೇ ಜಾಗದಲ್ಲಿ ರಾಗ ಕಲಿತವನಿಗೆ ಬೇರೆ ಜಾಗ ಹುಡುಕಲು ಬರುತ್ತದೆಯೇ? ಅವಳು ಮೊದಲ ಸಾಲಿನಲ್ಲಿದ್ದಾಗಲೇ ಬಿರಡೆ ಹಿಡಿದು ತಂತಿಯನ್ನು ಸಡಿಲಿಸಿದೆ. ಇನ್ನೂ ಸಡಿಲಿಸಿದೆ. ಹಿಂದಿನಿಂದ ಡಾಕ್ಟರು, "ಮೇಷ್ಟ್ರೇ, ಬೇಡ!" ಎಂದು ಪಿಸುಗುಟ್ಟಿದ್ದು ಕೇಳಿತು. ದನಿ ಸೇರಿತು. ಅದರ ಜೊತೆಗೆ ವೈರಿಯೂ ಬಂದ. ಸಡಿಲ ತಂತಿ ಪಟ್ಟಿಗೆ ತಗುಲಿ ಜುರ್ರ್ ಎಂದಿತು. ರಿಯಾಜ್ ಕಣ್ಣು ಮುಚ್ಚಿಕೊಂಡ, ಈ ಸಲ ಎರಡೂ ಕಣ್ಣು.

ಮೂರನೆಯ ಸಾಲು ಬಂತು. ಎಳೆತದ ನಡುವೆ ಅಮ್ಮನ ಉಸಿರು ಕಡಿಯಿತು. ನಾನು ಹಿಡಿದುಕೊಂಡೆ. ತಂತಿ ಜುರುಗುಡುತ್ತ, ಉದ್ದಕ್ಕೆ ಎಳೆಯುತ್ತ, ಆ ಖಾಲಿ ಜಾಗವನ್ನು ತುಂಬಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಧಾನವಾಗಿ ಉಸಿರೆಳೆದಳು. ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾಲ್ಕನೆಯ ಸಾಲಿಗೆ ಬಂದು ಕೂಡಿಕೊಂಡಳು. ಪದ ಮುಗಿಯಿತು. ಮಗು ಎದ್ದಿರಲಿಲ್ಲ.

ಬೀಗಿತಿ ಮುಂದಕ್ಕೆ ಬಾಗಿ, "ಇದು ತಂಬೂರಿನೇನಪ್ಪ? ಹಸಿರು ಬಳಿಸಿದ್ದೀರಲ್ಲ," ಎಂದರು. ಹೌದಲ್ಲ ಅನ್ನಿಸಿತು. ತಂಬೂರಿಯಲ್ಲಿ ಈ ಜುರ್ರ್ ಬರಲೆಂದೇ ತಂತಿಯ ಕೆಳಗೆ ನೂಲಿನ ಎಳೆ ಇಡುತ್ತಾರೆ. ಆ ನೂಲು ಸರಿಯಾದ ಕಡೆ ಕೂತರೇ ತಂತಿಗೆ ಜೀವ. ಅದನ್ನು ನಾನು ತರಗತಿಯಲ್ಲಿ ಪಾಠವಾಗಿ ಹೇಳುತ್ತೇನೆ, ಪರೀಕ್ಷೆಗೂ ಕೇಳುತ್ತೇನೆ. ನನ್ನ ಮನೆಯ ವಾದ್ಯಕ್ಕೂ ಆ ಪಾಠಕ್ಕೂ ಸಂಬಂಧವಿದೆಯೆಂದು ಹೊಳೆದಿರಲಿಲ್ಲ, ಅಷ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ, "ಅದೇನೋ ದುಂಬಿ ಥರ ಗುಂಯ್ ಅಂತಿತ್ತಲ್ಲ, ಅದ್ನೇ ಹಿಡ್ಕೊಂಡು ದಡ ಸೇರ್ದೆ ಕಣೋ," ಎಂದು ಕಿಟಕಿಗೆ ಒರಗಿ ನಿದ್ದೆ ಹೋದಳು. ಹಾಡಲು ಅವಳು ಯಾವತ್ತೂ ಯಾರ ಅಪ್ಪಣೆಗೂ ಕಾದವಳಲ್ಲ. ಕೂಸು ತೊಟ್ಟಿಲಿಗೆ ಬಂತು, ಹಾಡಿದಳು. ಓದಿದವನು ನಾನು, ಮೊದಲು ಅರ್ಹನಾಗಿ ಆಮೇಲೆ ನುಡಿಸೋಣವೆಂದು ಕೀಲಿ ತಿರುಗಿಸುತ್ತ ಕೂತಿದ್ದೆ. ಆ ಕೀಲಿಗೆ ಕೊನೆಯ ಸುತ್ತು ಎಂಬುದಿಲ್ಲ.

ಬಳಗ ಪಾಠ ಕಲಿಯಿತೇ ಎಂದು ಕೇಳುತ್ತೀರಿ. ಕಲಿಯಿತು. ಮುಂದಿನ ಭಾನುವಾರವೇ ರಿಯಾಜ್ ಶಿಡ್ಲಘಟ್ಟದಿಂದ ರೇಷ್ಮೆ ಎಳೆಗಳನ್ನು ತಂದ. ಯಾವ ದಪ್ಪದ ಎಳೆ ಇಟ್ಟರೆ ಅಮ್ಮನವರ ಜುರ್ರ್ ಬರುತ್ತದೆಂದು ಈಗ ಅಳೆಯುತ್ತಿದ್ದಾರೆ. ಆ ಜುರ್ರ್ ಗೌರಿಬಿದನೂರಿನ ಹವಾದಿಂದಲೇ ಬಂದದ್ದು ಎಂಬುದು ಡಾಕ್ಟರ ವಾದ. ನಾನೂ ಬಿಳಿ ಹಾಳೆ ಹಿಡಿದು ಜೊತೆಗೆ ಕೂರುತ್ತೇನೆ. ಅಭ್ಯಾಸ ಬಿಡುವುದು ಸುಲಭವಲ್ಲ. ಆದರೆ ನನ್ನ ಗಿಟಾರನ್ನು ಅವರ ಕೈಗೆ ಕೊಡುವುದಿಲ್ಲ. ಆ ಒಂದು ತಂತಿ ಅಮ್ಮನ ದನಿಗೆ ಸಡಿಲವಾದದ್ದು ಹಾಗೆಯೇ ಇದೆ.

ಈಗ ಯಾರಾದರೂ "ನುಡಿಸ್ತೀರಾ?" ಎಂದು ಕೇಳಿದರೆ "ಇದೆ" ಎನ್ನುವುದಿಲ್ಲ. "ಮೂರನೇ ಸಾಲು ಮಾತ್ರ" ಎನ್ನುತ್ತೇನೆ.