ಅತ್ತೆಯ ದೇಶದ ಬೆಚ್ಚಗಿನ ಹಬ್ಬ

ನನ್ನ ಅತ್ತೆ ಗಂಗಮ್ಮನವರು ಕೆಂಗೇರಿ ದಾಟಿ ಎಲ್ಲಿಗೂ ಹೋದವರಲ್ಲ. ಆದರೂ ಅವರಿಗೆ ಬೇರೆಯದೇ ಒಂದು ದೇಶವಿತ್ತು. ಯಾರಾದರೂ ಶಾಸ್ತ್ರ, ಸಂಪ್ರದಾಯ ಎಂದು ಬಾಯಿ ತೆರೆದರೆ ಸಾಕು, ಸೊಪ್ಪು ಬಿಡಿಸುತ್ತಲೇ “ನಮ್ಮ ದೇಶದಲ್ಲಿ ಹಂಗಿಲ್ಲ ಕಣಮ್ಮ” ಎನ್ನುತ್ತಿದ್ದರು. ಆ ದೇಶದಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತಿತ್ತಂತೆ. ಬೀದಿ ಗುಡಿಸುವುದು ರಾಜನ ಕೆಲಸ. ಪೂಜಾರಿಗೆ ಸದಾ ನೆಗಡಿ, ಹಾಗಾಗಿ ಮಂತ್ರದ ಬದಲು ಸೀನುತ್ತಿದ್ದ. ದೇವರಿಗೆ ಅದರಿಂದೇನೂ ಬೇಜಾರಿರಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಗದಗದಿಂದ ಮದುವೆಯಾಗಿ ಅವರ ರಾಜಾಜಿನಗರದ ಮನೆಗೆ ಬಂದೆ. ಮುಟ್ಟಾದರೂ ನಾನು ಅಡುಗೆಮನೆಯಲ್ಲೇ ಇರುವುದು ತಿಳಿದು ಪಕ್ಕದ ಮನೆಯ ಲಲಿತಮ್ಮ ಮುಖ ಸಿಂಡರಿಸಿದರು. ಅತ್ತೆ ಅವರ ಕೈಗೆ ನಾನೇ ಮಾಡಿದ ಕಾಫಿ ಕೊಟ್ಟು, “ನಮ್ಮ ದೇಶದಲ್ಲಿ ಆ ಮೂರು ದಿನ ದೇವರೇ ಹೊರಗೆ ಕೂತ್ಕೋತಾನೆ” ಎಂದರು. ಲಲಿತಮ್ಮ ಬಹಳ ದಿನ ಸಕ್ಕರೆ ಕೇಳಲು ಬರಲಿಲ್ಲ.

ಆ ವರ್ಷ ಧನುರ್ಮಾಸದಲ್ಲಿ ನನ್ನ ಯಜಮಾನರು ಕಾರ್ಖಾನೆಯ ಗೆಳೆಯರ ಮುಂದೆ ನನ್ನ ಗದಗದ ಮಾತನ್ನು ಅಣಕಿಸಿದರು. ಎಲ್ಲರೂ ನಕ್ಕರು. ಅಂದಿನಿಂದ ನಾನು ಅವರೊಡನೆ ಮಾತು ಬಿಟ್ಟೆ. ಸಂಕ್ರಾಂತಿಗೆ ತವರಿಗೆ ಹೋದರೆ ಮತ್ತೆ ಬರುವುದು ಬೇಡವೆಂದು ಟ್ರಂಕು ತುಂಬಿಟ್ಟೆ. ಅತ್ತೆ ಟ್ರಂಕನ್ನು ನೋಡಿದರು. ಊಟಕ್ಕೆ ಕುಳಿತಾಗ, ತಮ್ಮ ದೇಶದಲ್ಲಿ ಬೆಚ್ಚಗಿನ ಹಬ್ಬ ಬಂದಿದೆ, ಈ ವರ್ಷ ನಾವೂ ಮಾಡಬೇಕು ಎಂದು ಸಾರಿದರು.

ಚಳಿಗೆ ಕೊಬ್ಬರಿ ಎಣ್ಣೆಯ ಹಾಗೆ ಪ್ರೀತಿಯೂ ಗಟ್ಟಿಯಾಗಿಬಿಡುತ್ತದಂತೆ, ಅದಕ್ಕೇ ಈ ಹಬ್ಬ. ಅಂಗಡಿಯಿಂದ ಉಡುಗೊರೆ ತರುವಂತಿಲ್ಲ. ಇಷ್ಟವಾದವರ ಮುರಿದ ವಸ್ತುವೊಂದನ್ನು ಕದ್ದು, ಸ್ವಂತ ಕೈಯಿಂದ ರಿಪೇರಿ ಮಾಡಿ, ಮುಖ ಆಚೆ ತಿರುಗಿಸಿಕೊಂಡು ಕೊಡಬೇಕು. ಪಡೆದವರು ಹೊಗಳಿದರೆ ಪಾಪ. ಬಾಯಿ ತುಂಬ ಬೈದೇ ತೆಗೆದುಕೊಳ್ಳಬೇಕು.

“ಬೈದೇ ಇದ್ರೆ?” ಎಂದು ಇವರು ಕೇಳಿದರು.

“ದೇವರಿಗೂ ನೆಗಡಿ ಆಗುತ್ತೆ. ಮೊದಲೇ ಪೂಜಾರಿ ಒಬ್ಬ ಸೀನ್ತಾ ಇದಾನೆ.”

ಮಾರನೆಯ ದಿನ ಕಡ್ಡಿ ಮುರಿದ ನನ್ನ ಕೊಡೆ ಕಾಣೆಯಾಯಿತು. ಹಬ್ಬದ ಸಂಜೆ ಇವರು, ಒಂದು ತುಣುಕು ಮೋಡವೂ ಇಲ್ಲದ ಆಕಾಶದ ಕೆಳಗೆ, ಬಿಚ್ಚಿದ ಕೊಡೆ ಹಿಡಿದು ಬಸ್ ಸ್ಟಾಪಿನಿಂದ ನಡೆದು ಬಂದರು. ಬೀದಿಯೆಲ್ಲ ನೋಡುತ್ತಿತ್ತು. ಬಿಚ್ಚಿಟ್ಟುಕೊಂಡೇ ಕಡ್ಡಿಗಳಿಗೆಲ್ಲ ಬೆಸುಗೆ ಹಾಕಿದ್ದರಿಂದ ಅದು ಮುಚ್ಚುತ್ತಿರಲಿಲ್ಲ, ಬಾಗಿಲಲ್ಲಿ ಸಿಕ್ಕಿಕೊಂಡಿತು. ಇವರು ಮುಖ ಆಚೆ ತಿರುಗಿಸಿ ನಿಂತರು. ಅತ್ತೆ ನನ್ನನ್ನೇ ನೋಡುತ್ತಿದ್ದರು.

“ಏನ್ರೀ ಇದು, ಮುಚ್ಚಾಕ ಬರಂಗಿಲ್ಲಲ್ಲ. ಇದನ್ನ ಹಿಡಕೊಂಡು ಬಸ್ಸಿನಾಗ ಹೆಂಗ ಹತ್ತಲಿ ನಾ?”

ಕೊಡೆಗೆ ಆರಂಭವಾದ ಬೈಗುಳ ಅಲ್ಲಿಗೆ ನಿಲ್ಲಲಿಲ್ಲ. ನಕ್ಕ ಗೆಳೆಯರು, ಅಣಕಿಸಿದ ಬಾಯಿ, ನಾನು ನುಂಗಿಕೊಂಡದ್ದೆಲ್ಲ ಗದಗದ ಮಾತಿನಲ್ಲೇ ಹೊರಬಂತು. ಇವರು ಕೊಡೆಯ ಹಿಡಿಕೆ ಬಿಡದೆ ಪೂರ್ತಿ ಕೇಳಿ, ತಪ್ಪಾಯಿತು ಎಂದರು.

“ನಮ್ಮ ದೇಶದಲ್ಲಿ ರಾಜ ಮಾತಾಡೋದೂ ಇವಳ ಹಂಗೇ ಕಣೋ” ಎಂದ ಅತ್ತೆ, ಒಳಗೆ ಹೋಗಿ ನನ್ನ ಟ್ರಂಕಿನ ಸೀರೆಗಳನ್ನು ಬೀರುವಿಗೆ ತುಂಬತೊಡಗಿದರು.

ಆಮೇಲೆ ಪ್ರತಿ ಚಳಿಗಾಲವೂ ನಮ್ಮ ಮನೆಯಲ್ಲಿ ಕಳ್ಳತನ ನಡೆಯುತ್ತಿತ್ತು. ದಶಕ ಮುಗಿಯುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಕಡ್ಡಿ ಮುರಿದ ಅವರ ಕನ್ನಡಕವನ್ನು ನಾನು ಕದ್ದು ತಂತಿ ಸುತ್ತಿಟ್ಟೆ. “ಕನ್ನಡಕ ಎಲ್ಲಮ್ಮ?” ಎಂದು ಅವರು ಕೇಳುತ್ತಲೇ ಇದ್ದರು. ಗೊತ್ತಿದ್ದೇ ಕೇಳುತ್ತಿದ್ದರು ಅನಿಸುತ್ತದೆ. ಹಬ್ಬಕ್ಕೆ ಮುಂಚೆಯೇ ಹೋಗಿಬಿಟ್ಟರು.

ನಡುಮನೆಯಲ್ಲಿ ಅವರನ್ನು ಮಲಗಿಸಿದ್ದಾಗ ಕನ್ನಡಕ ತಂದು ಹಾಕಿ, ಮುಖ ಆಚೆ ತಿರುಗಿಸಿ ಕುಳಿತೆ. ಜನ ಏನೆಂದುಕೊಂಡರೋ. ಬೈಯಬೇಕಾದವರು ಸುಮ್ಮನಿದ್ದರು.

ಇವರು ಬಗ್ಗಿ ಆ ಕನ್ನಡಕವನ್ನು ನೋಡಿದರು. ಆಮೇಲೆ ಮೆಲ್ಲಗೆ, ನನ್ನ ಗದಗದ ಮಾತಿನಲ್ಲಿ, “ಸೊಟ್ಟ ಸುತ್ತೀಯಲ್ಲ. ನೆಟ್ಟಗ ಸುತ್ತಾಕ ಬರಂಗಿಲ್ಲೇನು ನಿನಗ?” ಎಂದರು.